ಬಳಲಿದ ಕಾಯಕ್ಕೆ ಕಾಯಕವೆಂತು?

ಕಾಯಕವೆಂಬ ಮಾತಿನೊಳಗೆ ಕಾಯವು ಅಡಗಿದೆ. ಕಾಯವಿಲ್ಲದೆ ಕಾಯಕವಿಲ್ಲವೆಂಬುದು ಯಾರೂ ಅಲ್ಲಗಳೆಯದ ಸಂಗತಿ. ಆದರೆ ಕಾಯವು ಇದ್ದೂ ಇಲ್ಲದಂತಾದಾಗ, ಕೈಕಾಲು ಮುರಿಯದೆ, ಕಣ್ಣು ಮಂಜಾಗದೆ, ಮೈಮೇಲೆ ಒಂದು ಗಾಯದ ಗುರುತೂ ತೋರದೆ, ಕೇವಲ ಶಕ್ತಿಯೊಂದೇ ಇಂಗಿಹೋದಾಗ, ಆ ಮನುಷ್ಯನ ಕಾಯಕದ ಗತಿಯೇನು? ಆತನು ಕಾಯಕಭ್ರಷ್ಟನೆ? ಆತನು ಉಣ್ಣುವ ಅನ್ನವು ಪ್ರಸಾದವೋ, ಸಾಲವೋ? ಜ್ವರವೇರಿ ಹಾಸಿಗೆ ಹಿಡಿದವನ ವಿಷಯದಲ್ಲಿ ಇಂತಹ ಪ್ರಶ್ನೆಯನ್ನು ಯಾರೂ ಎತ್ತುವುದಿಲ್ಲ. ಆಗ ಮನೆಯವರೆಲ್ಲರೂ ಸುತ್ತ ನಿಂತು ಉಪಚರಿಸುತ್ತಾರೆ, ನೆರೆಯವರು ಗಂಜಿ ಕಳುಹಿಸುತ್ತಾರೆ, ಬಂಧುಗಳು ಬಂದು ತಲೆದೆಸೆಯಲ್ಲಿ ಕುಳಿತು ಹೋಗುತ್ತಾರೆ. ಪ್ರಶ್ನೆಯು ಏಳುವುದು ಜ್ವರವು ಬಿಟ್ಟ ಮೇಲೆ. ಜ್ವರ ಬಿಟ್ಟು ತಿಂಗಳಾಯಿತು, ಮೂರು ತಿಂಗಳಾಯಿತು, ವರುಷವೇ ತುಂಬಿತು. ಬಲವು ಮಾತ್ರ ಮರಳಲಿಲ್ಲ. ಆಗ ಉಪಚಾರವು ಮೆಲ್ಲನೆ ಬೇಸರವಾಗಿ, ಬೇಸರವು ಸಂಶಯವಾಗಿ, ಸಂಶಯವು ಚುಚ್ಚುಮಾತಾಗಿ ತಿರುಗುತ್ತದೆ. ರೋಗಿಯು ಎರಡನೆಯ ಸಲ ರೋಗಕ್ಕೆ ತುತ್ತಾಗುವುದು ಆಗಲೇ.

ಗುಳೇದಗುಡ್ಡದ ಓಣಿಯೊಂದರಲ್ಲಿ ಖಣ ನೇಯುವ ಒಂದು ಮನೆಯನ್ನು ಕಲ್ಪಿಸಿಕೊಳ್ಳಬಹುದು. ಮನೆಯ ಯಜಮಾನನಿಗೆ ನಲವತ್ತರ ಆಚೆಯ ವಯಸ್ಸು. ಬೆಳಗಿನ ಜಾವಕ್ಕೆ ಎದ್ದು, ಮಿಂದು, ಇಷ್ಟಲಿಂಗವನ್ನು ಪೂಜಿಸಿ, ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ಕುಳಿತನೆಂದರೆ ಮಧ್ಯಾಹ್ನದವರೆಗೆ ಲಾಳಿಯ ಸದ್ದು ನಿಲ್ಲುತ್ತಿರಲಿಲ್ಲ. ೨೦೨೧ ರ ಬೇಸಗೆಯಲ್ಲಿ ಊರೂರನ್ನು ವ್ಯಾಪಿಸಿದ ಕೊರೋನಾ ಸೋಂಕು ಆತನನ್ನೂ ತಟ್ಟಿತು. ಹತ್ತು ದಿನ ಜ್ವರ, ಕೆಮ್ಮು. ಆಸ್ಪತ್ರೆಗೆ ಹೋಗುವ ಪ್ರಸಂಗವೂ ಬರಲಿಲ್ಲ. ಬದುಕಿಕೊಂಡನೆಂದು ಎಲ್ಲರೂ ಹರ್ಷಿಸಿದರು. ಆ ಮೇಲೆ ಮಗ್ಗಕ್ಕೆ ಕುಳಿತರೆ ಅರ್ಧ ತಾಸಿನಲ್ಲಿ ತೋಳು ಸೀಸದಂತೆ ಭಾರವಾಗುತ್ತದೆ. ಎದ್ದು ನಿಂತರೆ ಎದೆ ಡವಡವಗುಟ್ಟುತ್ತದೆ. ಎಳೆ ಕಡಿದುದನ್ನು ಕಣ್ಣು ಕಂಡರೂ ಯಾವ ಎಳೆಗೆ ಯಾವುದನ್ನು ಹೊಸೆಯಬೇಕೆಂಬುದು ಒಂದು ಕ್ಷಣ ತೋಚುವುದಿಲ್ಲ. ರಾತ್ರಿ ಎಂಟು ತಾಸು ಮಲಗಿದರೂ ಮಲಗಿದಂತೆ ಅನಿಸುವುದಿಲ್ಲ. ಒಂದು ದಿನ ಹಟ ತೊಟ್ಟು ಸಂಜೆಯವರೆಗೆ ನೇಯ್ದನು. ಅಂದು ಏನೂ ಆಗಲಿಲ್ಲ. ಮರುದಿನವೂ ನಡೆಯಿತು. ಮೂರನೆಯ ದಿನ ಏಳಲಾಗದೆ ಮಲಗಿದವನು ಒಂದು ವಾರ ಗೋಡೆಯ ಕಡೆಗೆ ಮುಖ ಮಾಡಿಯೇ ಇದ್ದನು. ರಕ್ತ ಪರೀಕ್ಷೆಯಾಯಿತು, ಎದೆಯ ಚಿತ್ರ ತೆಗೆದದ್ದಾಯಿತು. ಎಲ್ಲವೂ ಸರಿಯಾಗಿದೆಯೆಂದು ಚೀಟಿಗಳು ಬಂದವು. ಎಲ್ಲವೂ ಸರಿಯಾಗಿದೆಯೆಂಬ ಆ ಮಾತೇ ಆತನ ಪಾಲಿಗೆ ಶಾಪವಾಯಿತು. ಮುದುಕಿ ತಾಯಿಯು ಕೇಡು ಬಯಸಿ ಆಡಿದವಳಲ್ಲ. "ಏಳಪ್ಪಾ, ಎದ್ದು ಮಗ್ಗದ ಮುಂದ ಕೂತರ ಮೈ ತಾನ ಹಗುರಾಗ್ತದ" ಎಂದು ದಿನಕ್ಕೆ ನಾಲ್ಕು ಸಲ ಹೇಳಿದಳು. ಓಣಿಯ ಜನ ಅಷ್ಟು ಮೆತ್ತಗೆ ಹೇಳಲಿಲ್ಲ.

ಇಂತಹ ಮನೆಗಳು ಒಂದೆರಡಲ್ಲ. ಈ ಬಗೆಯ ಬಳಲಿಕೆಯು ಕೊರೋನಾ ಒಂದಕ್ಕೇ ಅಂಟಿಕೊಂಡುದೂ ಅಲ್ಲ. ಕರ್ನಾಟಕದ ಜನಕ್ಕೆ ಇದರ ಪರಿಚಯವು ಹಿಂದೆಯೇ ಆಗಿದ್ದಿತು. ೧೯೫೭ ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿ, ಬಳಿಕ ಮನುಷ್ಯರಿಗೂ ತಗುಲಿದ ಮಂಗನ ಕಾಯಿಲೆಯಲ್ಲಿ, ಉಳಿದುಕೊಂಡವರು ಮೊದಲಿನಂತಾಗಲು ವಾರಗಟ್ಟಲೆ, ಕೆಲವರು ತಿಂಗಳುಗಟ್ಟಲೆ ಹಿಡಿಯುವುದುಂಟೆಂದು ಮಲೆನಾಡಿಗರು ಬಲ್ಲರು. ಮೂರು ದಶಕಗಳ ಕಾಲ ಮರೆಯಾಗಿದ್ದ ಚಿಕೂನ್‌ಗುನ್ಯಾ ಜ್ವರವು ೨೦೦೬ ರಲ್ಲಿ ಮರಳಿ ಬಂದು ಕಲಬುರ್ಗಿ, ಬೀದರ, ತುಮಕೂರು, ಚಿತ್ರದುರ್ಗ ಮೊದಲಾದ ಜಿಲ್ಲೆಗಳಲ್ಲಿ ಲಕ್ಷಾಂತರ ಜನರನ್ನು ಬಾಗಿಸಿತು. ಬಾಗಿಸಿತು ಎಂಬುದು ಇಲ್ಲಿ ಅಲಂಕಾರದ ಮಾತಲ್ಲ. ಆ ರೋಗದ ಹೆಸರೇ ಪೂರ್ವ ಆಫ್ರಿಕದ ಮಕೊಂಡೆ ಜನರ ಭಾಷೆಯಲ್ಲಿ ಮೈಯನ್ನು ಬಾಗಿಸಿ ಬಳುಕಿಸುವುದು ಎಂಬ ಅರ್ಥವನ್ನುಳ್ಳದ್ದು. ಜ್ವರವು ಒಂದು ವಾರಕ್ಕೆ ಇಳಿದರೂ ಕೀಲುನೋವೂ ಸುಸ್ತೂ ಎಷ್ಟೋ ಜನರನ್ನು ವರ್ಷಾಂತರದವರೆಗೆ ಬಿಡಲಿಲ್ಲ. ಬಿತ್ತನೆಯ ಕಾಲಕ್ಕೆ ಹೊಲಕ್ಕಿಳಿಯಲಾಗದೆ ಕುಳಿತ ಒಕ್ಕಲಿಗನನ್ನು ಊರು ಅಂದೂ ಸೋಮಾರಿಯೆಂದೇ ಕರೆಯಿತು.

ವೈದ್ಯಶಾಸ್ತ್ರವು ಈ ವಿಷಯದಲ್ಲಿ ಇಂದು ಏನನ್ನು ಬಲ್ಲುದು? ಸೋಂಕು ತಗುಲಿ ಮೂರು ತಿಂಗಳಾದ ಮೇಲೂ ಬಳಲಿಕೆ, ಏದುಸಿರು, ಬುದ್ಧಿಯ ಮಬ್ಬು ಮೊದಲಾದುವು ಉಳಿದು, ಕನಿಷ್ಠ ಎರಡು ತಿಂಗಳ ಕಾಲ ಮುಂದುವರಿದು, ಅವುಗಳಿಗೆ ಬೇರೆ ರೋಗವು ಕಾರಣವಲ್ಲವೆಂದು ತಿಳಿದುಬಂದರೆ, ಅದನ್ನು ಕೊರೋನೋತ್ತರ ಸ್ಥಿತಿಯೆಂದು ಕರೆಯಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು ೨೦೨೧ ರ ಅಕ್ಟೋಬರಿನಲ್ಲಿ ನಿರೂಪಿಸಿತು. ಅದಕ್ಕೂ ಮುಂಚೆ ೨೦೦೬ ರಲ್ಲಿ ಆಸ್ಟ್ರೇಲಿಯದ ಡಬ್ಬೋ ಎಂಬ ಊರಿನ ಸುತ್ತಮುತ್ತಲಿನ ಒಂದು ಅಧ್ಯಯನವು ಪ್ರಕಟವಾಗಿದ್ದಿತು. ಮೂರು ಬೇರೆ ಬೇರೆ ಸೋಂಕುಗಳಿಗೆ ಒಳಗಾದ ೨೫೩ ಜನರನ್ನು ಮೊದಲಿನಿಂದ ಹಿಂಬಾಲಿಸಿ ನೋಡಿದಾಗ, ಆರು ತಿಂಗಳ ಮೇಲೂ ನೂರಕ್ಕೆ ಸುಮಾರು ೧೨ ಜನರಲ್ಲಿ ಬಳಲಿಕೆಯ ರೋಗವು ಉಳಿದಿದ್ದಿತು. ಯಾರಲ್ಲಿ ಉಳಿಯುವುದೆಂಬುದನ್ನು ಮೊದಲೇ ಸೂಚಿಸಿದ್ದು ಅವರ ಸ್ವಭಾವವಾಗಲಿ, ಹಿಂದಿನ ಮನಸ್ಸಿನ ಸ್ಥಿತಿಯಾಗಲಿ ಅಲ್ಲ. ಮೊದಲ ದಿನಗಳ ಬೇನೆಯು ಎಷ್ಟು ತೀವ್ರವಾಗಿದ್ದಿತೆಂಬುದು. ಮನಸ್ಸು ಗಟ್ಟಿಯಿಲ್ಲದವರಿಗೆ ಮಾತ್ರ ಹೀಗಾಗುತ್ತದೆಂದು ಹೇಳುವವರು ಈ ಮಾತನ್ನು ಎರಡು ಸಲ ಓದಬೇಕು.

ಈ ಬಳಲಿಕೆಯು ದುಡಿದು ದಣಿದವನ ದಣಿವಲ್ಲ. ದುಡಿದವನ ದಣಿವು ಒಂದು ರಾತ್ರಿಯ ನಿದ್ರೆಯಿಂದ ಕಳೆಯುತ್ತದೆ, ಅದರಲ್ಲಿ ಒಂದು ಸುಖವೂ ಉಂಟು. ಇದು ನಿದ್ರೆಯಿಂದ ಕಳೆಯುವುದಿಲ್ಲ. ಮಿತಿಯನ್ನು ಮೀರಿ ದುಡಿದರೆ ಅದರ ದಂಡವು ಕೂಡಲೆ ಬಾರದೆ, ಒಂದು ದಿನ ಎರಡು ದಿನ ತಡೆದು ಬಂದು, ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ನೆಲಕ್ಕೆ ಕೆಡಹುತ್ತದೆ. ಕಾರಣಕ್ಕೂ ಕಾರ್ಯಕ್ಕೂ ನಡುವೆ ಹೀಗೆ ಅಂತರ ಬೀಳುವುದರಿಂದಲೇ ರೋಗಿಗೂ ಮನೆಯವರಿಗೂ ಮೋಸವಾಗುವುದು. ನಿನ್ನೆ ಸಂತೆಗೆ ನಡೆದು ಹೋದವನು ಇಂದೇಕೆ ಎದ್ದು ನೀರು ತಂದುಕೊಳ್ಳಲಾರನು? ನಾಟಕವಲ್ಲದೆ ಮತ್ತೇನು? ಹೀಗೆಂದು ನೋಡುವ ಕಣ್ಣು ಕೇಳುತ್ತದೆ. ಸಂತೆಗೆ ನಡೆದುದರಿಂದಲೇ ಇಂದು ನೀರು ತಂದುಕೊಳ್ಳಲಾರನೆಂಬುದು ಆ ಕಣ್ಣಿಗೆ ಹೊಳೆಯುವುದಿಲ್ಲ. ೨೦೨೪ ರಲ್ಲಿ ನೆದರ್‌ಲೆಂಡ್ಸಿನ ಸಂಶೋಧಕರು ಇಂತಹ ರೋಗಿಗಳ ಸ್ನಾಯುವಿನ ತುಣುಕನ್ನು ವ್ಯಾಯಾಮಕ್ಕೆ ಮುಂಚೆಯೂ ಅನಂತರವೂ ತೆಗೆದು ಪರೀಕ್ಷಿಸಿ, ಶ್ರಮದ ಬಳಿಕ ಸ್ನಾಯುವಿನಲ್ಲಿ ನಿಜವಾದ ಹಾನಿಯಾಗಿರುವುದನ್ನು ಕಂಡರು. ಸಾಮಾನ್ಯವಾದ ರಕ್ತದ ಚೀಟಿಯಲ್ಲಿ ಇದು ತೋರುವುದಿಲ್ಲ. ಚೀಟಿಯು ಸುಳ್ಳು ಹೇಳಿತೆಂದಲ್ಲ, ಅದನ್ನು ಕೇಳಿದ ಪ್ರಶ್ನೆಯೇ ಬೇರೆಯಾಗಿದ್ದಿತು.

ಕಾಣದ ನೋವನ್ನು ಇಲ್ಲದ ನೋವೆಂದು ತೀರ್ಮಾನಿಸುವ ದೋಷವು ಓಣಿಯ ಜನರದು ಮಾತ್ರವಲ್ಲ, ಪಂಡಿತರದೂ ಅಹುದು. ೧೯೫೫ ರಲ್ಲಿ ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆಯಲ್ಲಿ ಒಂದು ವಿಚಿತ್ರ ರೋಗವು ತಲೆದೋರಿ, ಅಲ್ಲಿಯ ಸಿಬ್ಬಂದಿಯಲ್ಲಿ ೨೯೨ ಜನ ಅಸ್ವಸ್ಥರಾದರು. ಜುಲೈಯಿಂದ ಅಕ್ಟೋಬರಿನವರೆಗೆ ಆಸ್ಪತ್ರೆಯನ್ನೇ ಮುಚ್ಚಬೇಕಾಯಿತು. ಹಲವರ ಬಳಲಿಕೆಯು ಬಹುಕಾಲ ಉಳಿಯಿತು. ಹದಿನೈದು ವರ್ಷಗಳ ತರುವಾಯ, ೧೯೭೦ ರಲ್ಲಿ, ಇಬ್ಬರು ಮನೋವೈದ್ಯರು ಆ ರೋಗಿಗಳಲ್ಲಿ ಒಬ್ಬರನ್ನೂ ಕಣ್ಣಿಂದ ಪರೀಕ್ಷಿಸದೆ, ಹಳೆಯ ದಾಖಲೆಗಳನ್ನು ಓದಿ, ಇದು ಸಾಮೂಹಿಕ ಉನ್ಮಾದವೆಂದು ಬರೆದರು. ರೋಗಕ್ಕೊಳಗಾದವರಲ್ಲಿ ಹೆಂಗಸರು ಹೆಚ್ಚೆಂಬುದು ಅವರು ಕೊಟ್ಟ ಕಾರಣಗಳಲ್ಲೊಂದು! ಆ ಮಾತಿನ ನೆರಳು ಎಷ್ಟೋ ವರ್ಷ ಸಾವಿರಾರು ರೋಗಿಗಳ ಮೇಲೆ ಬಿದ್ದಿತು. ೨೦೧೫ ರಲ್ಲಿ ಅಮೆರಿಕದ ವೈದ್ಯವಿಜ್ಞಾನ ಸಂಸ್ಥೆಯು ಇದು ದೇಹದ ಗಂಭೀರವಾದ ರೋಗವೆಂದು ವರದಿಯಿತ್ತಿತು. ದಿನದಿನಕ್ಕೆ ವ್ಯಾಯಾಮವನ್ನು ಏರಿಸುತ್ತ ಹೋಗಬೇಕೆಂಬ ಹಳೆಯ ಚಿಕಿತ್ಸೆಯನ್ನು ಇಂತಹ ರೋಗಿಗಳಿಗೆ ಹೇಳಬಾರದೆಂದು ಬ್ರಿಟನ್ನಿನ ಅಧಿಕೃತ ಮಾರ್ಗಸೂಚಿಯು ೨೦೨೧ ರಲ್ಲಿ ತನ್ನ ಮಾತನ್ನೇ ತಿದ್ದಿಕೊಂಡಿತು. ಶಾಸ್ತ್ರವು ತನ್ನ ತಪ್ಪನ್ನು ಒಪ್ಪಿಕೊಂಡ ಮೇಲೆ ಅತ್ತೆ ಮಾವಂದಿರೂ ಅಣ್ಣ ತಮ್ಮಂದಿರೂ ಒಪ್ಪಿಕೊಳ್ಳುವುದು ಅವಮಾನವಲ್ಲ.

ಇಲ್ಲಿಯವರೆಗಿನದು ಲೋಕದ ಮಾತಾಯಿತು. ಶರಣಮಾರ್ಗದಲ್ಲಿ ನಡೆಯುವ ಗೃಹಸ್ಥನಿಗೆ ಇನ್ನೂ ಒಂದು ತೊಡಕು ಉಂಟು. ಆತನು ಚಿಕ್ಕಂದಿನಿಂದ ಕೇಳಿ ಬೆಳೆದುದು ಕಾಯಕದ ಮಹಿಮೆಯನ್ನು. ನುಲಿಯ ಚಂದಯ್ಯನವರು ಹುಲ್ಲು ಕೊಯ್ಯುತ್ತಿರುವಾಗ ಇಷ್ಟಲಿಂಗವು ಜಾರಿ ಬಿದ್ದರೂ ಕಾಯಕವನ್ನು ನಿಲ್ಲಿಸಲಿಲ್ಲವೆಂಬ ಪ್ರಸಂಗವನ್ನು ಶೂನ್ಯಸಂಪಾದನೆಯ ಪರಂಪರೆಯು ಆದರದಿಂದ ನೆನೆಯುತ್ತದೆ. ಲಿಂಗಪೂಜೆಗಿಂತಲೂ ಮಿಗಿಲಾದ ಕಾಯಕವನ್ನು ಬಿಟ್ಟು ಹಾಸಿಗೆಯಲ್ಲಿ ಬಿದ್ದುಕೊಂಡವನು ಶರಣನೆಂದು ಹೇಗೆ ಕರೆಯಿಸಿಕೊಂಡಾನು? ನೇಕಾರನು ಗೋಡೆಯ ಕಡೆಗೆ ಮುಖ ಮಾಡಿ ಮಲಗಿದಾಗ ಆತನನ್ನು ತಿಂದುದು ಮೈಯ ಸುಸ್ತಿಗಿಂತ ಹೆಚ್ಚಾಗಿ ಈ ಪ್ರಶ್ನೆಯೇ. ಓಣಿಯವರು ಸೋಮಾರಿಯೆಂದಾಗ ಆತನೊಳಗಿನ ಒಂದು ದನಿಯು ಹೌದೆಂದಿತು. ಹೊರಗಿನ ನಿಂದೆಯನ್ನು ಸಹಿಸಬಹುದು. ಒಳಗೇ ಕುಳಿತು ಸಾಕ್ಷಿ ನುಡಿಯುವ ನಿಂದೆಯನ್ನು ಸಹಿಸುವುದೆಂತು?

ಚಂದಯ್ಯನವರ ಪ್ರಸಂಗವನ್ನು ಸರಿಯಾಗಿ ಗ್ರಹಿಸಬೇಕು. ಪೂಜೆಯ ನೆವದಿಂದ ದುಡಿಮೆಯನ್ನು ತಪ್ಪಿಸಿಕೊಳ್ಳುವವರಿಗೆ ಅದು ಉತ್ತರ. ದುಡಿಯುವ ಬಲವಿದ್ದೂ ದುಡಿಯದೆ ಜಂಗಮನ ಹೆಸರಿನಲ್ಲಿ ಉಣ್ಣುವವರಿಗೆ ಅದು ಎಚ್ಚರಿಕೆ. ಬಲವೇ ಇಲ್ಲದವನನ್ನು ಅದು ಉದ್ದೇಶಿಸಿಲ್ಲ. ಹುಲ್ಲು ಕೊಯ್ಯುವ ಕೈ ಸೋತವನಿಗೆ ಚಂದಯ್ಯನವರು ಏನೆನ್ನುತ್ತಿದ್ದರೆಂದು ಊಹಿಸುವುದು ಕಷ್ಟವಲ್ಲ. ತಾವು ಮಾಡಿದ ಹಗ್ಗದ ಹಣದಿಂದ ಜಂಗಮದಾಸೋಹ ನಡೆಸುತ್ತಿದ್ದವರು ಅವರು, ಆ ದಾಸೋಹದ ಪಂಕ್ತಿಯಲ್ಲಿ ಆತನಿಗೊಂದು ಎಡೆ ಇದ್ದೇ ಇರುತ್ತಿದ್ದಿತು.

ಶರಣರು ಕಾಯಕಕ್ಕೆ ವಿಧಿಸಿದ ನಿಬಂಧನೆಯು ಪ್ರಮಾಣದ್ದಲ್ಲ, ಶುದ್ಧಿಯದು. ಸತ್ಯಶುದ್ಧವಾದ ಕಾಯಕವೆಂದು ಅವರು ಹೇಳಿದರೇ ಹೊರತು, ಇಷ್ಟು ಮೊಳ ನೇಯ್ದವನು ಶರಣ, ಅದಕ್ಕೆ ಒಂದು ಗೇಣು ಕಡಿಮೆಯಾದವನು ಭವಿ ಎಂದು ಅಳತೆಗೋಲು ಹಿಡಿದು ನಿಂತಿರಲಿಲ್ಲ. ಸತ್ಯಶುದ್ಧಿಯೆಂಬುದು ಕೊಳ್ಳುವವನಿಗೂ ಮಾರುವವನಿಗೂ ನಡುವಿನ ಪ್ರಾಮಾಣಿಕತೆ ಮಾತ್ರವಲ್ಲ; ತನ್ನ ಕಾಯದೊಡನೆ ತಾನು ನಡೆಸುವ ವ್ಯವಹಾರಕ್ಕೂ ಅದು ಸಲ್ಲುತ್ತದೆ. ಎರಡು ತಾಸಿನ ಬಲವುಳ್ಳವನು ಎರಡು ತಾಸು ದುಡಿದು ಎದ್ದರೆ ಅದು ಸತ್ಯ. ಆರು ತಾಸಿನ ಬಲವುಂಟೆಂದು ತೋರಿಸಿಕೊಳ್ಳಲು ದುಡಿದು, ಆರು ದಿನ ಮನೆಯವರ ಮೇಲೆ ಭಾರವಾಗಿ ಬಿದ್ದರೆ ಅದರಲ್ಲಿ ಶೌರ್ಯವಿರಬಹುದು, ಸತ್ಯವಿಲ್ಲ.

ಈ ದೃಷ್ಟಿಯಿಂದ ಆಯ್ದಕ್ಕಿ ಲಕ್ಕಮ್ಮನ ಪ್ರಸಂಗವು ಹೊಸ ಬೆಳಕಿನಲ್ಲಿ ತೋರುತ್ತದೆ. ಕಲ್ಯಾಣದ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಆತನು ಅನುಭವಗೋಷ್ಠಿಯಲ್ಲಿ ಮೈಮರೆತಾಗ ಕಾಯಕವನ್ನು ನೆನಪಿಸಿದವಳು ಲಕ್ಕಮ್ಮ. ಇದನ್ನು ಎಲ್ಲರೂ ಹೇಳುತ್ತಾರೆ, ಪುರಾಣ ಪ್ರವಚನಗಳಲ್ಲಿ ಕೇಳಿ ಕೇಳಿ ಸವೆದಿದೆ. ಆದರೆ ಅಂದು ಆತನು ನಿತ್ಯದ ಅಳತೆಗಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರಬೇಕೆಂದು ಹಿಂದಕ್ಕೆ ಕಳುಹಿಸಿದವಳೂ ಅವಳೇ. ಕೊರತೆಯಾದಾಗ ಎಬ್ಬಿಸಿ ಕಳುಹಿಸಿದವಳು, ಹೆಚ್ಚಾದಾಗ ತಡೆದಳು. ಅಂದಂದಿನದು ಅಂದಂದಿಗೆ; ನಾಳಿನ ಪಾಲನ್ನು ಇಂದು ಮುಟ್ಟಬಾರದು. ಅಕ್ಕಿಯ ವಿಷಯದಲ್ಲಿ ಹೇಳಿದ ಈ ಮಾತನ್ನು ಬಲದ ವಿಷಯಕ್ಕೂ ಅನ್ವಯಿಸಿಕೊಳ್ಳಬಹುದು. ರೋಗೋತ್ತರ ಬಳಲಿಕೆಯುಳ್ಳವನಿಗೆ ಬೆಳಗಾದರೆ ದೊರೆಯುವುದು ಒಂದು ಸಣ್ಣ ಮಡಿಲಷ್ಟು ಬಲ. ನಾಳಿನ ಮಡಿಲಿಗೆ ಕೈಹಾಕಿ ಇಂದೇ ಖರ್ಚು ಮಾಡಿದರೆ ನಾಳೆಯೂ ಇಲ್ಲ, ನಾಡಿದ್ದೂ ಇಲ್ಲ. ದಣಿಯುವ ಮೊದಲೇ ನಿಲ್ಲು, ಒಂದು ಕೆಲಸಕ್ಕೂ ಮತ್ತೊಂದಕ್ಕೂ ನಡುವೆ ಮಲಗು, ಮೈ ತುಸು ಹಗುರಾದ ದಿನವೇ ಹೆಚ್ಚು ಎಚ್ಚರದಿಂದಿರು ಎಂದು ಈಗಿನ ವೈದ್ಯರು ಹೇಳುವುದು ಬಹುಮಟ್ಟಿಗೆ ಈ ಲೆಕ್ಕವನ್ನೇ. ಬಳಲಿಕೆಯುಳ್ಳವರೆಲ್ಲರಿಗೂ ಇದೇ ನಿಯಮವೆಂದು ತಿಳಿಯಬಾರದು. ಶ್ರಮದ ಮಾರನೆಯ ದಿನ ಕುಸಿತವಿಲ್ಲದವರು ಮೆಲ್ಲಮೆಲ್ಲನೆ ಓಡಾಟವನ್ನು ಹೆಚ್ಚಿಸಿಕೊಂಡು ಗುಣವಾಗುವುದೂ ಉಂಟು. ಹೆಚ್ಚಿನವರು ಕೆಲವು ತಿಂಗಳುಗಳಲ್ಲಿ ಚೇತರಿಸಿಕೊಳ್ಳುತ್ತಾರೆ. ಮೊದಲು ರಕ್ತಹೀನತೆ, ಥೈರಾಯಿಡ್ಡಿನ ದೋಷ, ಸಕ್ಕರೆ ರೋಗ, ಕ್ಷಯ ಇವು ಯಾವುವೂ ಅಲ್ಲವೆಂದು ವೈದ್ಯರಿಂದ ಖಚಿತಪಡಿಸಿಕೊಳ್ಳುವುದಂತೂ ಎಲ್ಲರಿಗೂ ಅವಶ್ಯಕ.

ದುಡಿಮೆಯೊಂದೇ ಮನುಷ್ಯನ ಬೆಲೆಯನ್ನು ನಿರ್ಣಯಿಸುವುದಿಲ್ಲವೆಂಬುದಕ್ಕೆ ಸೊನ್ನಲಿಗೆಯ ಸಿದ್ಧರಾಮೇಶ್ವರರ ಜೀವನವೇ ಸಾಕ್ಷಿ. ಕೆರೆ ತೋಡಿಸುವುದರಲ್ಲಿ, ಗುಡಿ ಕಟ್ಟಿಸುವುದರಲ್ಲಿ ಅವರನ್ನು ಮೀರಿಸಿದವರಾರು? ಅಂತಹ ಕರ್ಮಯೋಗಿಯ ಮುಂದೆ ಅಲ್ಲಮಪ್ರಭುಗಳು ನಿಂತು ಒಡ್ಡನೆಂದು ಕೆಣಕಿದರು. ಕೆರೆಯು ಕೆಟ್ಟದ್ದೆಂದಲ್ಲ, ಕೆರೆಯನ್ನು ತೋಡಿದ ಗುದ್ದಲಿಯಿಂದ ತನ್ನನ್ನು ತಾನು ಅಳೆದುಕೊಳ್ಳುವುದು ಸಲ್ಲದೆಂದು. ಮಗ್ಗ ನಿಂತ ದಿನ ತಾನೂ ನಿಂತುಹೋದೆನೆಂದು ಭಾವಿಸುವ ನೇಕಾರನು ಆ ಕೆಣಕು ನುಡಿಯನ್ನು ಸಮಾಧಾನದ ನುಡಿಯನ್ನಾಗಿ ಕೇಳಿಕೊಳ್ಳಬಹುದು.

ಇನ್ನು ಅನ್ನದ ಪ್ರಶ್ನೆ. ಬೇರೊಬ್ಬರು ದುಡಿದ ಅನ್ನವನ್ನು ಉಣ್ಣುವಾಗ ತುತ್ತು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆಂದು ಇಂತಹ ಗೃಹಸ್ಥರು ಹೇಳುವುದುಂಟು. ದಾಸೋಹವನ್ನು ಕೊಡುವ ಧರ್ಮವೆಂದು ಮಾತ್ರ ತಿಳಿದಿರುವುದೇ ಈ ಸಂಕಟದ ಮೂಲ. ಕೊಡುವವನು ಇರಬೇಕಾದರೆ ಕೊಳ್ಳುವವನೂ ಇರಲೇಬೇಕು. ಇಬ್ಬರೂ ಸೇರಿದಾಗಲೇ ಪಂಕ್ತಿಯು ಪೂರ್ಣವಾಗುವುದು. ಷಟ್‌ಸ್ಥಲಗಳಲ್ಲಿ ಭಕ್ತ, ಮಹೇಶರ ತರುವಾಯ ಬರುವ ಪ್ರಸಾದಿಸ್ಥಲವು ಸ್ವೀಕರಿಸುವವನ ಸ್ಥಲವಲ್ಲವೆ? ಅದು ಕೆಳಗಿನ ಮೆಟ್ಟಿಲಲ್ಲ, ಮೇಲಿನದು. ನಾನೇ ದುಡಿದೆ, ನಾನೇ ತಂದೆ, ನಾನೇ ಕೊಟ್ಟೆ ಎಂಬ ನಾನೆಂಬುದು ಕರಗಿದ ಹೊರತು ಬಂದುದನ್ನು ಪ್ರಸಾದವೆಂದು ಕೈಚಾಚುವುದು ಸಾಧ್ಯವಾಗದು. ಇಪ್ಪತ್ತು ವರ್ಷ ಮನೆಯನ್ನು ಸಾಕಿದವನಿಗೆ ಮನೆಯ ಕೈಯಿಂದ ಒಂದು ಬಟ್ಟಲು ಅಂಬಲಿಯನ್ನು ನಾಚಿಕೆಯಿಲ್ಲದೆ ಸ್ವೀಕರಿಸುವುದು, ಮಗ್ಗದ ಮುಂದೆ ಹತ್ತು ತಾಸು ಕೂಡುವುದಕ್ಕಿಂತ ಕಠಿಣವಾದ ಸಾಧನೆಯಾಗಿರಬಹುದು.

ಹೀಗೆಂದು ಬರೆಯುವುದು ಸುಲಭ. ಮನೆಯಲ್ಲಿ ದುಡಿಯುವವರು ಒಬ್ಬರೇ ಇದ್ದು, ಅವರು ಬಿದ್ದರೆ, ಅಂಬಲಿಯೂ ಎಲ್ಲಿಂದ ಬಂದೀತು? ಮಗ್ಗದ ಮನೆಯಲ್ಲಿ ಹೆಂಡತಿಯು ಕಂಡಿಕೆ ಸುತ್ತುವುದರೊಡನೆ ತಾನೇ ನೇಯಲೂ ತೊಡಗಬೇಕಾಗುತ್ತದೆ; ಅಡಿಗೆ, ಮಕ್ಕಳು, ಅತ್ತೆಯ ಸೇವೆ ಬೇರೆ. ಅವಳ ಕಾಯವೂ ಕಾಯವೇ. ರೋಗಿಯನ್ನು ನಂಬಬೇಕೆಂದು ಹೇಳುವವರು ಅವನ ಪಾಲಿನ ಹೊರೆಯನ್ನು ಅವಳೊಬ್ಬಳ ಬೆನ್ನಿಗೆ ಕಟ್ಟಿ ಕೈತೊಳೆದುಕೊಂಡರೆ ಅದು ಅರ್ಧ ದಯೆ. ಗಂಡನು ಬಳಲಿದರೆ ಮನೆಯು ನೆಲಕಚ್ಚುತ್ತದೆಂದು ಊರೆಲ್ಲ ಮರುಗುತ್ತದೆ. ಸೊಸೆಯು ಬಳಲಿದರೆ, ಒಲೆ ಹೊತ್ತಿಸುವ ತನಕ ಯಾರಿಗೂ ಅದು ಬಳಲಿಕೆಯೆಂದೇ ತೋರುವುದಿಲ್ಲ. ಇಂತಹ ಕಡೆಗಳಲ್ಲಿ ಬಂಧುಗಳ, ಓಣಿಯ, ಮಠದ ಹೊಣೆಯು ಏಳುತ್ತದೆ. ತಿಂಗಳಿಗೊಮ್ಮೆ ಬಂದು ಹೇಗಿದ್ದೀಯೆಂದು ಕೇಳಿ ಹೋಗುವುದಕ್ಕಿಂತ, ಹೇಳದೆ ಕೇಳದೆ ಒಂದು ಚೀಲ ಜೋಳವನ್ನು ಇಳಿಸಿ ಹೋಗುವುದು ಆ ಮನೆಗೆ ಹೆಚ್ಚು ಅರ್ಥವಾಗುವ ಭಾಷೆ.

ಮನಸ್ಸಿನ ಮಾತನ್ನು ಬೇರೆಯಾಗಿಯೇ ಆಡಬೇಕು. ಬಳಲಿಕೆಯು ಮನಸ್ಸಿನಿಂದ ಹುಟ್ಟಿದುದಲ್ಲವೆಂದು ವಾದಿಸುವ ಭರದಲ್ಲಿ ಮನಸ್ಸಿಗೆ ಏನೂ ಆಗಿಲ್ಲವೆಂದು ಹೇಳಿಬಿಡುವುದು ಇನ್ನೊಂದು ತಪ್ಪು. ಖಿನ್ನತೆಯೆಂಬ ರೋಗದಲ್ಲಿ ಸಾಮಾನ್ಯವಾಗಿ ಬಯಕೆಯೇ ಬತ್ತುತ್ತದೆ, ಯಾವುದೂ ಬೇಡವೆನಿಸುತ್ತದೆ. ಸೋಂಕಿನ ಬಳಿಕದ ಬಳಲಿಕೆಯಲ್ಲಿ ಬಯಕೆಯು ಹಸಿರಾಗಿಯೇ ಇದ್ದು, ಕಾಯವು ಒಲ್ಲೆನೆನ್ನುತ್ತದೆ. ಮಗ್ಗದ ಸದ್ದು ಪಕ್ಕದ ಮನೆಯಿಂದ ಕೇಳಿದಾಗ ಕೈ ತುಡಿಯುತ್ತದೆ, ಏಳಲಾಗುವುದಿಲ್ಲ. ಆದರೆ ಈ ಸ್ಥಿತಿಯು ತಿಂಗಳುಗಟ್ಟಲೆ ನಡೆದು, ಮೇಲೆ ಸಂಶಯದ ಮಾತುಗಳೂ ಸಾಲದ ಚಿಂತೆಯೂ ಸೇರಿದಾಗ, ಬಯಕೆಯ ಬೇರಿಗೂ ಬಿಸಿ ತಟ್ಟಿ ನಿಜವಾದ ಖಿನ್ನತೆಯು ಮೊಳೆಯುವುದುಂಟು. ಸೋಂಕು ನೇರವಾಗಿ ಮಿದುಳಿನ ಮೇಲೆ ಪರಿಣಾಮ ಮಾಡುವುದೂ ಉಂಟು. ಎರಡೂ ಒಂದೇ ಮೈಯಲ್ಲಿ ಹೆಣೆದುಕೊಂಡಾಗ ಹಾಸು ಯಾವುದು ಹೊಕ್ಕು ಯಾವುದು ಎಂದು ಬಿಡಿಸುವ ಕೆಲಸವನ್ನು ಬಲ್ಲ ವೈದ್ಯರಿಗೆ ಬಿಡಬೇಕು.

ತಾನಿಲ್ಲದಿದ್ದರೆ ಮನೆಗೆ ಒಂದು ಬಾಯಿ ಕಡಿಮೆಯಾದೀತೆಂದು ರೋಗಿಯು ಹಗುರವಾಗಿ ಆಡಿದ ಮಾತನ್ನೂ ಹಗುರವಾಗಿ ಬಿಡಬಾರದು. ಅದನ್ನು ಕೇಳಿದೊಡನೆ ಬೈದು ಬಾಯಿ ಮುಚ್ಚಿಸುವುದು ರೂಢಿ; ಭಕ್ತನಾಗಿ ಇಂತಹ ಮಾತೇ ಎಂದು ಧರ್ಮೋಪದೇಶ ಮಾಡುವುದೂ ರೂಢಿ. ಅಜಗಣ್ಣನನ್ನು ಅಗಲಿದ ಮುಕ್ತಾಯಕ್ಕನು ದುಃಖದಲ್ಲಿ ಮುಳುಗಿದ್ದಾಗ ಅಲ್ಲಮಪ್ರಭುಗಳು ಮೊದಲು ಮಾಡಿದುದು ಉಪದೇಶವಲ್ಲ, ಪ್ರಶ್ನೆ: ನೀನು ಯಾರು, ಏಕೆ ಅಳುವೆ ಎಂಬುದು ಅದರ ತಾತ್ಪರ್ಯ. ಅವಳು ಉತ್ತರಿಸಿದಳು, ಪ್ರತಿಯಾಗಿ ಕೇಳಿದಳು, ವಾದಿಸಿದಳು, ಅವರು ಕೇಳಿಕೊಂಡರು. ಸಂವಾದವು ಬಹಳ ಉದ್ದವಾಗಿದೆ, ಅದರ ಉದ್ದವೇ ಒಂದು ಪಾಠ. ಮನೆಯವರೂ ಹಾಗೆಯೇ ಪಕ್ಕದಲ್ಲಿ ಕುಳಿತು, ಸಾಯಬೇಕೆನಿಸುತ್ತದೆಯೇ ಎಂದು ನೇರವಾಗಿ ಕೇಳಬಹುದು. ಕೇಳಿದುದರಿಂದ ಆ ಯೋಚನೆಯು ಹುಟ್ಟುವುದಿಲ್ಲ, ಹೊರೆಯು ಇಳಿಯುತ್ತದೆ. ಅಂಥವನನ್ನು ಒಂಟಿಯಾಗಿ ಬಿಡದೆ ಮನೋವೈದ್ಯರಲ್ಲಿಗೆ ಕರೆದೊಯ್ಯಬೇಕು. ದೂರದ ಊರಿನವರಿಗೆ, ಕೇಂದ್ರ ಸರಕಾರವು ೨೦೨೨ ರ ಅಕ್ಟೋಬರಿನಲ್ಲಿ ಆರಂಭಿಸಿದ ಟೆಲಿ ಮಾನಸ್ ಎಂಬ ಸೇವೆಯುಂಟು. ೧೪೪೧೬ ಎಂಬ ಸಂಖ್ಯೆಗೆ ದೂರವಾಣಿ ಮಾಡಿದರೆ ಹಗಲಿರುಳೆನ್ನದೆ ಕನ್ನಡದಲ್ಲಿಯೇ ಮಾತನಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಮಾರ್ಗದರ್ಶನವು ಅದಕ್ಕಿದೆ. ಮನಸ್ಸಿಗೆ ಔಷಧ ತೆಗೆದುಕೊಳ್ಳುವುದು ಭಕ್ತಿಯ ಕೊರತೆಯಾದರೆ, ಕಾಲು ಮುರಿದಾಗ ಪಟ್ಟಿ ಕಟ್ಟಿಸಿಕೊಳ್ಳುವುದೂ ಕೊರತೆಯೇ ಆಗಬೇಕಷ್ಟೆ.

ಲೋಕದಲ್ಲಿ ರೋಗದ ಹೆಸರು ಹೇಳಿ ಮೈಗಳ್ಳತನ ಮಾಡುವವರಿಲ್ಲವೆ ಎಂದು ವ್ಯವಹಾರಸ್ಥರು ಕೇಳಿಯಾರು. ಇದ್ದಾರೆ. ಆ ಕಾರಣದಿಂದ ಎಲ್ಲರನ್ನೂ ಶಂಕಿಸಬೇಕೆ? ಕಳ್ಳನನ್ನು ನಂಬಿದರೆ ಮನೆಗೆ ಆಗುವ ನಷ್ಟವು ಕೆಲವು ತಿಂಗಳ ದುಡಿಮೆ. ನಿಜವಾದ ರೋಗಿಯನ್ನು ನಂಬದೆ ಎಬ್ಬಿಸಿ ದುಡಿಸಿದರೆ ಆಗುವ ನಷ್ಟವು ಆತನ ಉಳಿದ ಆರೋಗ್ಯ, ಒಮ್ಮೊಮ್ಮೆ ಆತನೇ. ಎರಡನ್ನೂ ತಕ್ಕಡಿಯಲ್ಲಿಟ್ಟು ತೂಗಿದವರಿಗೆ ಯಾವ ಕಡೆಗೆ ತಪ್ಪಿದರೆ ಕಡಿಮೆ ಪಾಪವೆಂಬುದು ತಿಳಿಯುತ್ತದೆ. ಅದಲ್ಲದೆ, ಮೈಗಳ್ಳನಿಗೆ ವಿಶ್ರಾಂತಿಯು ರುಚಿಸುತ್ತದೆ; ಈ ರೋಗಿಗೆ ಅದು ಸೆರೆಮನೆ. ಹಬ್ಬದ ದಿನವೂ ಏಳಲಾರದೆ ಕಣ್ಣೀರಿಡುವವನನ್ನು ಕಳ್ಳನೆನ್ನುವವರು ಕಳ್ಳರನ್ನೂ ಸರಿಯಾಗಿ ನೋಡಿದವರಲ್ಲ. ನೇಕಾರ ಶರಣರಾದ ಜೇಡರ ದಾಸಿಮಯ್ಯನವರು ಒಂದು ವಚನದಲ್ಲಿ, ದೇಹಧಾರಿಯ ಕುಂದುಗಳನ್ನು ಎಣಿಸುವ ಮುನ್ನ ತಾನೊಮ್ಮೆ ದೇಹವನ್ನು ಧರಿಸಿ ನೋಡಬೇಕೆಂದು ತಮ್ಮ ರಾಮನಾಥನನ್ನೇ ಕೇಳುತ್ತಾರೆ. ದೇವರಿಗೇ ಹಾಕಿದ ಈ ಸವಾಲಿನಿಂದ ನೆರೆಹೊರೆಯವರಿಗೆ ವಿನಾಯಿತಿ ದೊರೆಯಲಾರದು.

ಪೂಜೆಯ ವಿಷಯದಲ್ಲಿಯೂ ಒಂದು ಮಾತು ಅವಶ್ಯಕ. ನಸುಕಿನಲ್ಲಿ ಎದ್ದು ತಣ್ಣೀರು ಮಿಂದು ಬಹುಹೊತ್ತು ಕುಳಿತು ಪೂಜಿಸುವ ಅಭ್ಯಾಸವುಳ್ಳವರು ಅದು ತಪ್ಪಿತೆಂದು ಕೊರಗುತ್ತಾರೆ. ಇಷ್ಟಲಿಂಗವು ಗುಡಿಯಲ್ಲಿಲ್ಲ, ಅಂಗದ ಮೇಲಿದೆ. ಅಂಗವು ಎಲ್ಲಿ ಮಲಗಿದೆಯೋ ಲಿಂಗವೂ ಅಲ್ಲಿಯೇ ಇದೆ. ಲಿಂಗಾಂಗಿಗೆ ಸೂತಕವಿಲ್ಲವೆಂದು ಸಾರಿದ ಮಾರ್ಗದಲ್ಲಿ ಹಾಸಿಗೆಯು ಮೈಲಿಗೆಯಾಗುವುದೆಂತು? ಗೋಡೆಗೆ ಒರಗಿ ಕುಳಿತು, ಅಂಗೈ ನಡುಗಿದರೆ ತೊಡೆಯ ಮೇಲೆ ದಿಂಬನ್ನಿಟ್ಟು ಅದರ ಮೇಲೆ ಕೈಯನ್ನು ಊರಿ, ಎಷ್ಟು ಹೊತ್ತು ದೃಷ್ಟಿ ನಿಂತೀತೋ ಅಷ್ಟು ಹೊತ್ತು ನಿರೀಕ್ಷಿಸಿದರೆ ಸಾಕು. ದೇಹವನ್ನೇ ದೇವಾಲಯವೆಂದು ತಿಳಿದ ಬಸವಣ್ಣನವರ ಅನುಯಾಯಿಗಳು, ಗೋಡೆ ಬಿರುಕು ಬಿಟ್ಟ ದೇವಾಲಯದಲ್ಲಿ ಜಾಗಟೆಯನ್ನು ಜೋರಾಗಿ ಬಾರಿಸುವುದಿಲ್ಲ.

ಗುಳೇದಗುಡ್ಡದ ಆ ಮನೆಯಲ್ಲಿ ಈಗ ಒಂದು ಏರ್ಪಾಡು ಆಗಿದೆಯೆಂದು ಭಾವಿಸಬಹುದು. ಬೆಳಿಗ್ಗೆ ಅರ್ಧ ತಾಸು ನೇಕಾರನು ಕಂಡಿಕೆ ಸುತ್ತುತ್ತಾನೆ. ಗಡಿಯಾರದ ಮುಳ್ಳು ಅರ್ಧಕ್ಕೆ ಬಂದೊಡನೆ, ಕೈ ಇನ್ನೂ ಆಡುತ್ತಿದ್ದರೂ, ಮಗಳು ಬಂದು ರಾಟೆಯನ್ನು ಪಕ್ಕಕ್ಕೆ ಸರಿಸುತ್ತಾಳೆ. ಆತನು ಎದುರಾಡದೆ ಹೋಗಿ ಮಲಗುತ್ತಾನೆ. ಮಧ್ಯಾಹ್ನ ಮತ್ತೆ ಅರ್ಧ ತಾಸು. ಹೆಂಡತಿಗೆ ಮಗ್ಗದಲ್ಲಿ ನೆರವಾಗಲು ಆತನ ತಮ್ಮನು ವಾರಕ್ಕೆರಡು ದಿನ ಬರುತ್ತಾನೆ. ಮುದುಕಿ ತಾಯಿಯು ಏಳಪ್ಪಾ ಎನ್ನುವುದನ್ನು ಪೂರ್ತಿ ಬಿಟ್ಟಿಲ್ಲ. ಆದರೆ ಈಚೆಗೆ ಉಣ್ಣುವ ಹೊತ್ತಿಗೆ ಮಾತ್ರ ಅನ್ನುತ್ತಾಳೆ. ಮಗ್ಗದ ಮೇಲೆ ಹಾಸು ಅರ್ಧಕ್ಕೆ ನೇಯ್ದು ನಿಂತಿದೆ. ಶ್ರಾವಣದೊಳಗೆ ಮುಗಿದೀತೇ ಎಂದು ಸಾಹುಕಾರರು ಆಳಿನ ಕೈಯಲ್ಲಿ ಕೇಳಿಸಿ ಕಳುಹಿಸಿದ್ದರು. ಮುಗಿದಾಗ ಹೇಳಿ ಕಳುಹಿಸುತ್ತೇವೆಂದು ಮನೆಯಾಕೆಯು ಉತ್ತರ ಕೊಟ್ಟು, ಆಳಿಗೆ ಒಂದು ಬಟ್ಟಲು ಮಜ್ಜಿಗೆಯನ್ನು ತಂದಿಟ್ಟಳು.